ಗ್ಲುಟನ್ ಇಲ್ಲದ ಮಾಚಾ ಕುಕೀಸ್: ಪುಡಿಯಾಗದಿರಲು, ಹಸಿರು ಉಳಿಯಲು ಏನು ಮಾಡಬೇಕು?

ಪ್ರಶ್ನೆ: ನನ್ನ ಮಗಳಿಗೆ 14 ವರ್ಷ. ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್ ತಿಂದರೆ ಸಣ್ಣಕರುಳಿಗೆ ಪೆಟ್ಟಾಗುವ ಸೀಲಿಯಾಕ್ ಕಾಯಿಲೆ ಅವಳಿಗೆ ಇದೆ ಎಂದು ಹೋದ ವರ್ಷ ಗೊತ್ತಾಯಿತು. ಅಂದಿನಿಂದ ಗೋಧಿ, ಮೈದಾ, ರವೆ ಯಾವುದನ್ನೂ ಅವಳಿಗೆ ಕೊಡುತ್ತಿಲ್ಲ. ಈಚೆಗೆ ಗೆಳತಿಯ ಮನೆಯಲ್ಲಿ ಮಾಚಾ ಕುಕೀಸ್ ನೋಡಿ ಬಂದು ತನಗೂ ಬೇಕು ಎಂದಳು. ಜಪಾನಿನ ಹಸಿರು ಚಹಾ ಎಲೆಯ ನುಣ್ಣನೆ ಪುಡಿಯಾದ ಮಾಚಾ ತರಿಸಿದೆ. ಮೈದಾ ಬದಲು ಅಷ್ಟೇ ಅಳತೆಯ ಅಕ್ಕಿಹಿಟ್ಟು ಹಾಕಿ ಮಾಡಿದೆ. ಕೈಯಲ್ಲಿ ಹಿಡಿದರೆ ಪುಡಿಪುಡಿ, ಬಾಯಲ್ಲಿ ತರಿತರಿ. ಹಸಿರು ಬಣ್ಣ ಹೋಗಿ ಕಂದಾಗಿತ್ತು. ಎಲ್ಲಿ ತಪ್ಪುತ್ತಿದೆ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಗ್ಲುಟನ್ ಬಿಟ್ಟು ಮಾಡುವ ಬೇಕರಿ ತಿನಿಸುಗಳಲ್ಲಿ ಕುಕೀಸ್ ತುಂಬಾ ಸುಲಭದ್ದು, ಧೈರ್ಯವಾಗಿರಿ. ಬ್ರೆಡ್ ಉಬ್ಬಿ ನಿಲ್ಲಲು ಗ್ಲುಟನ್ ಆಸರೆ ಬೇಕು. ಕುಕೀಸ್‌ಗೆ ಅದು ಅಷ್ಟಾಗಿ ಬೇಕಿಲ್ಲ. ಮೈದಾದಲ್ಲಿ ಮಾಡುವಾಗಲೂ ಹಿಟ್ಟನ್ನು ಜಾಸ್ತಿ ನಾದಬೇಡಿ ಅನ್ನುತ್ತಾರಲ್ಲ, ಅದು ಗ್ಲುಟನ್ ಬಿಗಿಯಾಗದಿರಲಿ ಅಂತಲೇ. ಹಾಗಾಗಿ ನಿಮ್ಮ ಮಗಳಿಗೆ ಮನೆಯವರೆಲ್ಲ ಕೈಹಾಕಿ ತಿನ್ನುವಂಥ ಕುಕೀಸನ್ನೇ ಮಾಡಿಕೊಡಬಹುದು.

ಆದರೆ ಅಕ್ಕಿಹಿಟ್ಟು ಎಲ್ಲಿಂದ ತಂದಿರಿ ಎಂದು ನೀವು ಬರೆದಿಲ್ಲ. ನನಗೆ ಬಣ್ಣಕ್ಕಿಂತ ಅದರ ಚಿಂತೆ ಜಾಸ್ತಿ. ಬೀದಿಯ ಹಿಟ್ಟಿನ ಗಿರಣಿಯಲ್ಲಿ ಬೀಸಿಸಿದ್ದರೆ ದಯವಿಟ್ಟು ಅದನ್ನು ಮಗಳಿಗೆ ಬಳಸಬೇಡಿ. ನಿಮಗಿಂತ ಮುಂಚೆ ಬಂದವರು ಗೋಧಿ ಬೀಸಿಸಿಕೊಂಡು ಹೋಗಿರುತ್ತಾರೆ. ಕಲ್ಲಿನ ಸಂದಿಯಲ್ಲಿ, ಹಿಟ್ಟು ಬೀಳುವ ಬಟ್ಟೆಯ ಚೀಲದಲ್ಲಿ ಗೋಧಿಹಿಟ್ಟು ಉಳಿದೇ ಇರುತ್ತದೆ. ಒಂದು ಹಿಡಿ ಅಕ್ಕಿ ಮೊದಲು ಹಾಕಿ ಓಡಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ನಮ್ಮಲ್ಲಿ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದ ಪ್ರಕಾರ ‘ಗ್ಲುಟನ್ ಫ್ರೀ’ ಎಂದು ಬರೆದು ಮಾರುವ ಆಹಾರದಲ್ಲಿ ಗ್ಲುಟನ್ ಕೆ.ಜಿ.ಗೆ 20 ಮಿಲಿಗ್ರಾಂ ಮೀರುವಂತಿಲ್ಲ. ಎಷ್ಟು ಕಡಿಮೆ ನೋಡಿ. ಹೊಟ್ಟೆನೋವು ಬರಲಿಲ್ಲ ಅಂದಮಾತ್ರಕ್ಕೆ ಒಳಗೆ ಏನೂ ಆಗಿಲ್ಲ ಅಂತಲೂ ಅಲ್ಲ. ಸೀಲಿಯಾಕ್ ಇರುವವರಲ್ಲಿ ತೊಂದರೆ ಹೊರಗೆ ಕಾಣದೆಯೇ ಸಣ್ಣಕರುಳಿಗೆ ಪೆಟ್ಟು ಬೀಳಬಹುದು.

‘ಗ್ಲುಟನ್ ಫ್ರೀ’ ಎಂದು ಬರೆದ ಪ್ಯಾಕೆಟ್ಟಿನ ಅಕ್ಕಿಹಿಟ್ಟು ತನ್ನಿ. ಇಲ್ಲವೇ ಮನೆಯಲ್ಲೇ ಮಾಡಿಕೊಳ್ಳಿ. ನನಗೆ ಮನೆಯದೇ ಇಷ್ಟ. ಕಜ್ಜಾಯಕ್ಕೆ ಮಾಡುತ್ತೇವಲ್ಲ, ಹಾಗೇ. ಅಕ್ಕಿಯನ್ನು ತೊಳೆದು ಒಂದೆರಡು ಗಂಟೆ ನೆನೆಸಿ, ನೀರು ಬಸಿದು, ನೆರಳಲ್ಲಿ ಬಟ್ಟೆಯ ಮೇಲೆ ಹರಡಿ. ಕೈಗೆ ಇನ್ನೂ ಸ್ವಲ್ಪ ತೇವ ತಾಗುತ್ತಿರುವಾಗಲೇ ಮಿಕ್ಸಿಗೆ ಹಾಕಿ. ತೇವ ಇರುವ ಅಕ್ಕಿ ಒಣ ಅಕ್ಕಿಗಿಂತ ಎಷ್ಟೋ ನುಣ್ಣಗೆ ಆಗುತ್ತದೆ. ಸಣ್ಣ ಕಣ್ಣಿನ ಜರಡಿಯಲ್ಲಿ ಎರಡು ಸಲ ಜರಡಿ ಹಿಡಿಯಿರಿ. ಆಮೇಲೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ತೇವ ಆರುವವರೆಗೆ ಕೈಯಾಡಿಸಿ. ಬಣ್ಣ ಬದಲಾಗಬಾರದು. ಜರಡಿ ಮಾತ್ರ ಹೊಸದಾಗಿರಲಿ, ಮಗಳ ಹಿಟ್ಟಿಗೆಂದೇ ಬೇರೆ ಇರಲಿ. ಗೋಧಿಹಿಟ್ಟು ಜರಡಿಯ ಕಣ್ಣುಗಳಲ್ಲಿ ಸಿಕ್ಕಿಕೊಂಡರೆ ತೊಳೆದರೂ ಬಿಡುವುದು ಕಷ್ಟ. ಮರದ ಲಟ್ಟಣಿಗೆಯೂ ಅಷ್ಟೆ. ಸ್ಟೀಲ್ ಪಾತ್ರೆಗಳಿಗೆ ಈ ತೊಂದರೆ ಇಲ್ಲ, ಚೆನ್ನಾಗಿ ಉಜ್ಜಿ ತೊಳೆದರೆ ಸಾಕು. ಮಿಕ್ಸಿ ಜಾರಿನ ಮುಚ್ಚಳದ ರಬ್ಬರ್ ಬಿಚ್ಚಿ ತೊಳೆಯುವುದನ್ನು ಮರೆಯಬೇಡಿ.

ಇನ್ನು ತರಿತರಿ ಯಾಕಾಯಿತು? ಅಕ್ಕಿಹಿಟ್ಟಿನ ಕಣ ಗಟ್ಟಿ. ಅದು ನೀರನ್ನು ನಿಧಾನವಾಗಿ ಹೀರುತ್ತದೆ. ಮೈದಾ ಕಲಸಿದ ತಕ್ಷಣ ಓವನ್ನಿಗೆ ಹೋಗಬಹುದು, ಅಕ್ಕಿಹಿಟ್ಟು ಹೋಗಬಾರದು. ಅದು ನೆನೆಯಲು ಸಮಯ ಕೊಡಬೇಕು. ಪುಡಿಪುಡಿ ಆದದ್ದು ಹಿಡಿದಿಡುವ ಅಂಟು ಇಲ್ಲದ್ದಕ್ಕೆ. ಬರೀ ಅಕ್ಕಿಹಿಟ್ಟಿನಿಂದ ಆ ಕೆಲಸ ಆಗುವುದಿಲ್ಲ. ಬಾದಾಮಿ ಪುಡಿ ಜಿಡ್ಡು ಕೊಡುತ್ತದೆ, ಕಾರ್ನ್‌ಫ್ಲೋರ್ ನುಣುಪು ಕೊಡುತ್ತದೆ, ಇಸಬಗೋಲ್ ನೀರು ಹಿಡಿದು ಅಂಟು ಕೊಡುತ್ತದೆ. ಈ ಮೂರೂ ಸೇರಿದರೆ ಅಂಗಡಿಯ ಝಾಂಥನ್ ಗಮ್ ಎಂಬ ಅಂಟಿನ ಪುಡಿ ಹುಡುಕಿಕೊಂಡು ಹೋಗಬೇಕಾಗಿಲ್ಲ.

ನಾನು ಹೇಳುವ ಅಳತೆ ಇದು. ತೂಕದ ಯಂತ್ರ ಇದ್ದರೆ ಅದನ್ನೇ ಬಳಸಿ, ಕಪ್ಪಿನ ಅಳತೆ ಇಲ್ಲಿ ಕೈಕೊಡುತ್ತದೆ. ಉಪ್ಪಿಲ್ಲದ ಬೆಣ್ಣೆ 100 ಗ್ರಾಂ, ಪುಡಿ ಸಕ್ಕರೆ 80 ಗ್ರಾಂ, ಅಕ್ಕಿಹಿಟ್ಟು 90 ಗ್ರಾಂ, ಬಾದಾಮಿ ಪುಡಿ 60 ಗ್ರಾಂ, ಕಾರ್ನ್‌ಫ್ಲೋರ್ 30 ಗ್ರಾಂ, ಮಾಚಾ 8 ಗ್ರಾಂ ಅಂದರೆ ಸುಮಾರು ನಾಲ್ಕು ಟೀ ಚಮಚ, ಇಸಬಗೋಲ್ ಅರ್ಧ ಚಮಚ, ಒಂದು ಚಿಟಿಕೆ ಉಪ್ಪು, ಹಾಲು ಒಂದರಿಂದ ಎರಡು ದೊಡ್ಡ ಚಮಚ. ಮೊಟ್ಟೆ ಬೇಡ. ಸಕ್ಕರೆಯನ್ನು ಮನೆಯಲ್ಲೇ ಪುಡಿಮಾಡಿಕೊಳ್ಳಿ. ಕಾರ್ನ್‌ಫ್ಲೋರ್, ಇಸಬಗೋಲ್, ಬಾದಾಮಿ ಪುಡಿಯ ಪ್ಯಾಕೆಟ್ಟಿನ ಮೇಲೂ ‘ಗ್ಲುಟನ್ ಫ್ರೀ’ ಇದೆಯೇ ನೋಡಿ.

ಬೆಣ್ಣೆ ಮೆತ್ತಗಿರಬೇಕು, ಕರಗಿರಬಾರದು. ಬೆಣ್ಣೆ, ಸಕ್ಕರೆ ಎರಡನ್ನೂ ಮರದ ಸೌಟು ಬಿಟ್ಟು ಸ್ಟೀಲ್ ಚಮಚದಲ್ಲಿ ತಿರುವಿ, ಒಂದಾದರೆ ಸಾಕು. ನೊರೆ ಬರುವಷ್ಟು ಬೀಸಿದರೆ ಕುಕೀಸ್ ಹರಡಿಕೊಳ್ಳುತ್ತವೆ. ಮಾಚಾ ಬೇಗ ಗಂಟು ಕಟ್ಟುತ್ತದೆ, ಅದಕ್ಕೇ ಅದನ್ನು ಅಕ್ಕಿಹಿಟ್ಟಿನ ಜೊತೆಗೇ ಜರಡಿ ಹಿಡಿಯಿರಿ. ಎಲ್ಲ ಸೇರಿಸಿ ಕಲಸಿ. ಮೊದಲು ಒಂದೇ ಚಮಚ ಹಾಲು ಹಾಕಿ. ಮುಷ್ಟಿಯಲ್ಲಿ ಅದುಮಿದರೆ ಮುದ್ದೆಯಾಗಿ ನಿಂತು, ಅಂಚು ಬಿರುಕು ಬಿಡದಿದ್ದರೆ ಅದೇ ಹದ. ಬಿರುಕು ಬಿಟ್ಟರೆ ಮಾತ್ರ ಇನ್ನಷ್ಟು ಹಾಲು. ಬಟರ್ ಪೇಪರಿನಲ್ಲಿ ಉದ್ದನೆಯ ಉರುಳೆಯಾಗಿ ಸುತ್ತಿ ಫ್ರಿಜ್ಜಿನಲ್ಲಿಡಿ. ಕಡಿಮೆ ಅಂದರೂ ಎರಡು ಗಂಟೆ ಬೇಕು, ರಾತ್ರಿಯೆಲ್ಲ ಇಟ್ಟರೆ ಇನ್ನೂ ಒಳ್ಳೆಯದು. ಅಕ್ಕಿಹಿಟ್ಟು ನೆನೆಯುವುದು ಈ ಹೊತ್ತಿನಲ್ಲೇ. ತಣ್ಣಗಾದ ಬೆಣ್ಣೆ ಓವನ್ನಿನಲ್ಲಿ ನಿಧಾನವಾಗಿ ಕರಗುವುದರಿಂದ ಕುಕೀಸಿನ ಆಕಾರವೂ ನಿಲ್ಲುತ್ತದೆ. ನಿಮ್ಮ ಕುಕೀಸ್ ತರಿಯಾಗಲು ದೊಡ್ಡ ಕಾರಣ ಈ ಕಾಯುವಿಕೆ ತಪ್ಪಿದ್ದು ಎಂದೇ ನನ್ನ ಅಂದಾಜು.

ಬಣ್ಣದ ವಿಷಯಕ್ಕೆ ಬರೋಣ. ಮಾಚಾದ ಹಸಿರು ಕ್ಲೋರೊಫಿಲ್‌ನಿಂದ ಬಂದದ್ದು. ಕ್ಲೋರೊಫಿಲ್‌ನ ನಡುವೆ ಒಂದು ಮೆಗ್ನೀಷಿಯಂ ಇದೆ. ಬಿಸಿ ಮತ್ತು ಹುಳಿ ಎರಡೂ ಆ ಮೆಗ್ನೀಷಿಯಂ ಅನ್ನು ಕಿತ್ತುಹಾಕುತ್ತವೆ, ಆಗ ಹಸಿರು ಮಂಕಾಗುತ್ತದೆ. ಪಾಲಕ್ ಸೊಪ್ಪಿಗೆ ಹುಣಸೆಹುಳಿ ಬಿದ್ದು ಕುದಿಯುತ್ತಿದ್ದಂತೆ ಬಣ್ಣ ಇಳಿಯುತ್ತದಲ್ಲ, ಇಲ್ಲೂ ಅದೇ ನಡೆಯುವುದು. ಆದ್ದರಿಂದ ನಿಂಬೆರಸ, ಮೊಸರು ಬೇಡ. ಬೆಲ್ಲವೂ ಬೇಡ, ಅದರ ಬಣ್ಣವೇ ಹಸಿರನ್ನು ನುಂಗುತ್ತದೆ. ಅಡುಗೆ ಸೋಡಾ ಹಾಕಿದರೆ ಹಸಿರು ಉಳಿಯುತ್ತದೆ ಎಂದು ಕೆಲವರು ಹೇಳುತ್ತಾರೆ. ಸ್ವಲ್ಪ ನಿಜ ಇದೆ. ಆದರೆ ಸೋಡಾ ಅಂಚನ್ನು ಬೇಗ ಕೆಂಪಗೆ ಮಾಡುತ್ತದೆ, ಬಾಯಿಗೆ ಸೋಪಿನ ರುಚಿ ಬರುತ್ತದೆ. ಈ ಕುಕೀಸ್‌ಗೆ ಉಬ್ಬುವ ಅಗತ್ಯವೇ ಇಲ್ಲ, ಹಾಗಾಗಿ ಸೋಡಾ ಬಿಟ್ಟುಬಿಡಿ.

ಮಿಕ್ಕಿದ್ದೆಲ್ಲ ಓವನ್ನಿನ ಬಿಸಿಯದ್ದು. ಮೈದಾ ಕುಕೀಸ್‌ಗೆ ಹೇಳುವ 180 ಡಿಗ್ರಿ ಇಲ್ಲಿ ಜಾಸ್ತಿಯಾಯಿತು. 150ರಿಂದ 160 ಡಿಗ್ರಿ ಸೆಲ್ಸಿಯಸ್ ಸಾಕು. ಉರುಳೆಯನ್ನು ಅರ್ಧ ಬೆರಳಿನಷ್ಟು ದಪ್ಪಕ್ಕೆ ಕತ್ತರಿಸಿ, ಸುಮಾರು 24 ಬಿಲ್ಲೆ ಬರುತ್ತವೆ. ಟ್ರೇಯನ್ನು ನಡುವಿನ ಅಂತಸ್ತಿನಲ್ಲಿಡಿ. ಎಂಟು ನಿಮಿಷ ಆದ ಮೇಲೆ ಮೇಲುಗಡೆ ಒಂದು ಫಾಯಿಲ್ ಹಾಳೆಯನ್ನು ಸಡಿಲವಾಗಿ ಹೊದಿಸಿ, ಇನ್ನು ನಾಲ್ಕೈದು ನಿಮಿಷ ಬೇಯಿಸಿ. ಅಂಚು ಮುಟ್ಟಿದರೆ ಗಟ್ಟಿ, ನಡುವೆ ಇನ್ನೂ ಮೆತ್ತಗಿದೆ ಅನ್ನಿಸುವಾಗಲೇ ಹೊರಗೆ ತೆಗೆಯಿರಿ. ಬೇರೆ ಕುಕೀಸ್‌ನಲ್ಲಿ ಅಂಚು ಕೆಂಪಾಗುವುದನ್ನು ಕಾಯುತ್ತೇವೆ, ಇದರಲ್ಲಿ ಕೆಂಪಾಯಿತು ಅಂದರೆ ತಡವಾಯಿತು ಎಂದರ್ಥ. ಬಿಸಿಯಿರುವಾಗ ಮುಟ್ಟಬೇಡಿ, ಗ್ಲುಟನ್ ಇಲ್ಲದ ಕುಕೀಸ್ ಆಗ ಒಡೆಯುತ್ತವೆ. ಹದಿನೈದು ನಿಮಿಷ ಟ್ರೇಯಲ್ಲೇ ಆರಲಿ. ಮೊದಲ ಸಲ ನಾಲ್ಕೇ ಬಿಲ್ಲೆ ಇಟ್ಟು ನೋಡಿ. ಮನೆಯ ಸಣ್ಣ ಓವನ್ ಅಂದರೆ ಓಟಿಜಿಯ ಗುಂಡಿ ತೋರಿಸುವ ಡಿಗ್ರಿಗೂ ಒಳಗಿನ ಬಿಸಿಗೂ ಹತ್ತಿಪ್ಪತ್ತು ಡಿಗ್ರಿ ವ್ಯತ್ಯಾಸ ಇರುವುದು ಮಾಮೂಲು.

ಒಂದು ಮಾತು ಬಾಕಿ ಇದೆ. ಸೀಲಿಯಾಕ್ ಇರುವ ಮಕ್ಕಳಲ್ಲಿ ಕಬ್ಬಿಣದ ಕೊರತೆ ಸಾಮಾನ್ಯ. ಚಹಾದಲ್ಲಿರುವ ಅಂಶಗಳು ಕಬ್ಬಿಣ ಮೈಗೆ ಹತ್ತುವುದನ್ನು ತಡೆಯುತ್ತವೆ. ಕುಕೀಸಿನಲ್ಲಿರುವ ಮಾಚಾ ಕಡಿಮೆಯೇ. ಆದರೂ ಮಗಳು ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದಕ್ಕೂ ಇದಕ್ಕೂ ಒಂದೆರಡು ಗಂಟೆ ಅಂತರ ಇರಲಿ.

ಪ್ರಶ್ನೆ: ಮಾಚಾ ಪುಡಿ ತುಂಬಾ ದುಬಾರಿ. ಮನೆಯಲ್ಲಿರುವ ಗ್ರೀನ್ ಟೀ ಬ್ಯಾಗ್ ಬಿಚ್ಚಿ ಮಿಕ್ಸಿಯಲ್ಲಿ ಪುಡಿಮಾಡಿ ಹಾಕಬಹುದೇ?
– ಓದುಗರು, ಮೈಸೂರು

ಉತ್ತರ: ಬೇಡ. ಕಹಿಯಾಗುತ್ತದೆ, ಬಣ್ಣವೂ ಬರುವುದಿಲ್ಲ. ಎರಡೂ ಒಂದೇ ಗಿಡದ ಎಲೆ ನಿಜ, ಬೆಳೆಸುವ ರೀತಿಯೇ ಬೇರೆ. ಜಪಾನಿನ ಉಜಿ, ನಿಶಿಯೊ ಕಡೆ ಮಾಚಾಗೆ ಬೆಳೆಸುವ ಗಿಡಗಳಿಗೆ ಕೊಯ್ಲಿಗೆ ಮೂರು ವಾರಕ್ಕೂ ಮುಂಚೆಯೇ ನೆರಳು ಕಟ್ಟುತ್ತಾರೆ. ಬಿಸಿಲು ಸಾಲದ ಎಲೆ ಹೆಚ್ಚು ಕ್ಲೋರೊಫಿಲ್ ಮಾಡಿಕೊಳ್ಳುತ್ತದೆ. ಥಿಯನೀನ್ ಎಂಬ ಅಂಶವೂ ಎಲೆಯಲ್ಲೇ ಉಳಿಯುತ್ತದೆ, ಬಾಯಿಗೆ ಹತ್ತುವ ಆ ಸವಿ ಅದರದ್ದು. ಕೊಯ್ದ ಎಲೆಯನ್ನು ಹಬೆಯಲ್ಲಿ ಬೇಯಿಸಿ ಒಣಗಿಸುತ್ತಾರೆ. ನಾರು, ದಂಟು ತೆಗೆದುಹಾಕಿ ಬೀಸುವ ಕಲ್ಲಿಗೆ ಹಾಕುತ್ತಾರೆ. ಒಂದು ಕಲ್ಲು ಒಂದು ಗಂಟೆಗೆ 40 ಗ್ರಾಂ ಬೀಸಿದರೆ ಹೆಚ್ಚು. ಜೋರಾಗಿ ತಿರುಗಿಸಿದರೆ ಬಿಸಿಯಾಗಿ ಘಮ ಹೋಗುತ್ತದೆ. ಬೆಲೆ ಯಾಕೆ ಅಷ್ಟು ಅನ್ನುವುದು ಇದರಿಂದಲೇ ಅರ್ಥವಾಗುತ್ತದೆ, ಅಲ್ವಾ? ಈಗ ಬೇಡಿಕೆಯೂ ಏರಿದೆ. 2024ರ ಕೊನೆಗೆ ಕ್ಯೋಟೊದ ಹೆಸರಾಂತ ಅಂಗಡಿಗಳೇ ಒಬ್ಬರಿಗೆ ಇಷ್ಟೇ ಎಂದು ಮಿತಿ ಹಾಕಿದವು.

ಡಬ್ಬಿಯ ಮೇಲೆ ‘ಸೆರಿಮೋನಿಯಲ್’ ಎಂದು ಬರೆದದ್ದಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ. ಆ ದರ್ಜೆಗೆ ಜಪಾನಿನಲ್ಲಿ ಕಾನೂನಿನ ಅಳತೆಗೋಲು ಇಲ್ಲ. ಅಡುಗೆಗೆಂದು ಮಾರುವುದು ಕುಕೀಸ್‌ಗೆ ಸಾಕು, ಅದರ ಸ್ವಲ್ಪ ಒಗರು ಬೆಣ್ಣೆ ಸಕ್ಕರೆಯ ನಡುವೆ ಚೆನ್ನಾಗಿಯೇ ಇರುತ್ತದೆ. ನೋಡಬೇಕಾದದ್ದು ಪುಡಿಯ ಬಣ್ಣ. ಹಳದಿ ಹಸಿರು ಇದ್ದರೆ ಹಳೆಯದು ಅಥವಾ ಕೀಳು ದರ್ಜೆಯದು. ‘ಮಾಚಾ ಲಾಟೆ ಮಿಕ್ಸ್’ ತರಬೇಡಿ, ಅದರಲ್ಲಿ ಸಕ್ಕರೆ, ಹಾಲಿನ ಪುಡಿಯೇ ಜಾಸ್ತಿ. 30 ಗ್ರಾಮಿನ ಸಣ್ಣ ಡಬ್ಬಿ ಕೊಳ್ಳಿ, ಗಾಳಿಯಾಡದಂತೆ ಮುಚ್ಚಿ ಫ್ರಿಜ್ಜಿನಲ್ಲಿಡಿ, ತೆರೆದ ಮೇಲೆ ಒಂದೆರಡು ತಿಂಗಳಲ್ಲಿ ಮುಗಿಸಿ. ಫ್ರಿಜ್ಜಿನಿಂದ ತೆಗೆದ ತಕ್ಷಣ ಮುಚ್ಚಳ ತೆಗೆಯಬೇಡಿ. ಡಬ್ಬಿಯ ಚಳಿ ಬಿಡುವವರೆಗೆ ಕಾಯಿರಿ, ಇಲ್ಲದಿದ್ದರೆ ಒಳಗೆ ನೀರಾಡುತ್ತದೆ.

ಪ್ರಶ್ನೆ: ಅಕ್ಕಿಹಿಟ್ಟಿನ ಬದಲು ರಾಗಿ, ಜವೆಗೋಧಿ ಬಳಸಬಹುದೇ? ಜವೆಗೋಧಿಯಲ್ಲಿ ಗ್ಲುಟನ್ ಇಲ್ಲವಂತೆ, ನಿಜವೇ?
– ಓದುಗರು, ಹುಬ್ಬಳ್ಳಿ

ಉತ್ತರ: ಜವೆಗೋಧಿಯ ವಿಷಯ ನಿಜವಲ್ಲ, ಇದನ್ನು ಗಟ್ಟಿಯಾಗಿ ಹೇಳಬೇಕು. ಜವೆ, ಖಪ್ಲಿ ಯಾವ ಹೆಸರಿನಿಂದ ಕರೆದರೂ ಅದು ಗೋಧಿಯೇ. ಅದರಲ್ಲಿ ಗ್ಲುಟನ್ ಇದೆ. ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದು ಎಂದು ಮಾರುವವರ ಬಾಯಲ್ಲಿ ಅದು ‘ಗ್ಲುಟನ್ ಇಲ್ಲದ ಗೋಧಿ’ ಆಗಿಬಿಟ್ಟಿದೆ. ಸೀಲಿಯಾಕ್ ಇರುವವರಿಗೆ ಅದನ್ನು ಕೊಡಲೇಬಾರದು. ಬಾರ್ಲಿಯೂ ಬೇಡ.

ರಾಗಿಯಲ್ಲಿ ಗ್ಲುಟನ್ ಇಲ್ಲ. ಆದರೆ ರಾಗಿಯ ಬಣ್ಣ, ಘಮ ಎರಡೂ ಜೋರು, ಮಾಚಾ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ರಾಗಿಗೆ ಕೋಕೋ ಚೆನ್ನ. ಮಾಚಾ ಜೊತೆಗೆ ಹೊಂದುವುದು ಬಿಳಿ ಜೋಳ. 90 ಗ್ರಾಂ ಅಕ್ಕಿಹಿಟ್ಟಿನಲ್ಲಿ 30 ಗ್ರಾಂ ತೆಗೆದು ಜೋಳದ ಹಿಟ್ಟು ಹಾಕಿ, ಮೆದುವಾಗಿ ಬರುತ್ತದೆ. ಸಾಮೆಯೂ ಆಗುತ್ತದೆ. ಗಿರಣಿಯ ಮಾತು ಈ ಹಿಟ್ಟುಗಳಿಗೂ ಅನ್ವಯಿಸುತ್ತದೆ.

ಪ್ರಶ್ನೆ: ಬಾದಾಮಿ ಬದಲು ಗೋಡಂಬಿ ಹಾಕಬಹುದೇ? ನಮ್ಮ ಕಡೆ ಕುಕೀಸ್ ಎರಡೇ ದಿನಕ್ಕೆ ಮೆತ್ತಗಾಗುತ್ತವೆ, ಏನು ಮಾಡಲಿ?
– ಓದುಗರು, ಕುಮಟಾ

ಉತ್ತರ: ಧಾರಾಳವಾಗಿ ಹಾಕಿ. ಗೋಡಂಬಿ ಬಿಳಿ ಇರುವುದರಿಂದ ಹಸಿರು ಇನ್ನೂ ಚೆನ್ನಾಗಿ ಕಾಣುತ್ತದೆ. ಮಿಕ್ಸಿಯನ್ನು ಒಂದೇ ಸಮನೆ ಓಡಿಸಬೇಡಿ, ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಒಂದು ಚಮಚ ಅಕ್ಕಿಹಿಟ್ಟು ಸೇರಿಸಿ, ನಿಲ್ಲಿಸಿ ನಿಲ್ಲಿಸಿ ತಿರುವಿ. ಕರಾವಳಿಯ ತೇವಕ್ಕೆ ಬಿಗಿಯಾದ ಡಬ್ಬಿಯೇ ಗತಿ. ಮೆತ್ತಗಾದವನ್ನು 140 ಡಿಗ್ರಿಯಲ್ಲಿ ಐದು ನಿಮಿಷ ಇಟ್ಟು ಆರಿಸಿದರೆ ಮತ್ತೆ ಗರಿಗರಿ. ಅಥವಾ ಉರುಳೆಯನ್ನು ಫ್ರೀಜರಿನಲ್ಲಿಟ್ಟು ಬೇಕಾದಾಗ ಬೇಕಾದಷ್ಟೇ ಕತ್ತರಿಸಿ ಬೇಯಿಸಿಕೊಳ್ಳಿ.

ಪ್ರಶ್ನೆ: ನನಗೆ ಸೀಲಿಯಾಕ್ ಇಲ್ಲ. ತೂಕ ಇಳಿಸಲು ಗ್ಲುಟನ್ ಬಿಟ್ಟಿದ್ದೇನೆ. ಈ ಕುಕೀಸ್ ದಿನಾ ತಿನ್ನಬಹುದೇ? ಮಕ್ಕಳಿಗೆ ಕೆಫೀನ್ ಜಾಸ್ತಿಯಾಗುವುದಿಲ್ಲವೇ?
– ಓದುಗರು, ಬೆಂಗಳೂರು

ಉತ್ತರ: ಗ್ಲುಟನ್ ಇಲ್ಲದ್ದು ಅಂದರೆ ಹಗುರವಾದದ್ದು ಅಂತಲ್ಲ. ಮೇಲೆ ಹೇಳಿದ ಅಳತೆಯಲ್ಲಿ ಬೆಣ್ಣೆ, ಸಕ್ಕರೆ ಎಷ್ಟಿದೆ ನೋಡಿ. ತೂಕ ಇಳಿಸಲು ಇದರಿಂದ ಏನೂ ಸಹಾಯವಿಲ್ಲ. ಅಪರೂಪಕ್ಕೆ ಮಾಡಿ, ಖುಷಿಯಿಂದ ತಿನ್ನಿ. ಹಾಗೆಯೇ, ಹೊಟ್ಟೆಯ ತೊಂದರೆ ಏನಾದರೂ ಇದ್ದು ಗ್ಲುಟನ್ ಬಿಟ್ಟಿದ್ದರೆ ವೈದ್ಯರಿಗೆ ಹೇಳಿ. ಗ್ಲುಟನ್ ಬಿಟ್ಟ ಮೇಲೆ ಸೀಲಿಯಾಕ್ ರಕ್ತಪರೀಕ್ಷೆ ಮಾಡಿಸಿದರೆ ಕಾಯಿಲೆ ಇದ್ದರೂ ಕಾಣದೆ ಹೋಗಬಹುದು.

ಕೆಫೀನಿಗೆ ಹೆದರಬೇಕಾಗಿಲ್ಲ. 8 ಗ್ರಾಂ ಮಾಚಾ 24 ಕುಕೀಸ್‌ಗೆ ಹಂಚಿದರೆ ಒಂದರಲ್ಲಿ ಮೂರನೇ ಒಂದು ಗ್ರಾಂ. ಕೆಫೀನ್ ಸುಮಾರು 10 ಮಿಲಿಗ್ರಾಂ ಇರಬಹುದು. ಮಕ್ಕಳಿಗೆ ಸಂಜೆಯೊಳಗೆ ಒಂದೋ ಎರಡೋ ಕೊಡಿ, ರಾತ್ರಿ ಬೇಡ.

ಪ್ರಶ್ನೆ: ನಮ್ಮಲ್ಲಿ ಓವನ್ ಇಲ್ಲ. ಕುಕ್ಕರಿನಲ್ಲಿ ಉಪ್ಪು ಹಾಕಿ ಕುಕೀಸ್ ಮಾಡುತ್ತೇನೆ. ಅದರಲ್ಲಿ ಮಾಚಾ ಹಸಿರು ಉಳಿಯುತ್ತದೆಯೇ?
– ಓದುಗರು, ಹಾಸನ

ಉತ್ತರ: ಉಳಿಯುವುದಿಲ್ಲ. ಕುಕ್ಕರಿನಲ್ಲಿ ಬಿಸಿ ಹಿಡಿತಕ್ಕೆ ಸಿಗುವುದಿಲ್ಲ, ತಳ ಬೇಗ ಕೆಂಪಾಗುತ್ತದೆ. ಆದರೆ ದಾರಿ ಇದೆ. ಅದೇ ಅಳತೆಯಲ್ಲಿ ಮಾಚಾ ಬಿಟ್ಟು, ಅದರ ಬದಲು ಒಂದು ಚಮಚ ಅಕ್ಕಿಹಿಟ್ಟು ಜಾಸ್ತಿ ಹಾಕಿ ಬಿಳಿ ಕುಕೀಸ್ ಮಾಡಿಕೊಳ್ಳಿ. ಪೂರ್ತಿ ಆರಲಿ. 100 ಗ್ರಾಂ ಬಿಳಿ ಚಾಕೊಲೇಟನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸಿ, ಒಂದು ಚಮಚ ಮಾಚಾ ಜರಡಿ ಹಿಡಿದು ಬೆರೆಸಿ. ನೀರಿನ ಒಂದು ಹನಿಯೂ ಒಳಗೆ ಬೀಳದಿರಲಿ, ಬಿದ್ದರೆ ಚಾಕೊಲೇಟ್ ಗಟ್ಟಿಯಾಗಿ ಒಡೆಯುತ್ತದೆ. ಪ್ರತಿ ಕುಕಿಯನ್ನು ಅರ್ಧ ಅದ್ದಿ ಬಟರ್ ಪೇಪರಿನ ಮೇಲೆ ಒಣಗಲು ಬಿಡಿ. ಮಾಚಾ ಉರಿಯನ್ನೇ ಕಾಣದ್ದರಿಂದ ಹಸಿರು ಹಾಗೇ ಉಳಿಯುತ್ತದೆ. ನನ್ನನ್ನು ಕೇಳಿದರೆ ಓವನ್ ಇರುವವರೂ ಒಮ್ಮೆ ಹೀಗೆ ಮಾಡಿ ನೋಡಬೇಕು. ಸೀಲಿಯಾಕ್ ಇರುವವರಿಗೆ ಮಾಡುವುದಾದರೆ ಚಾಕೊಲೇಟಿನ ಪ್ಯಾಕೆಟ್ ತಿರುಗಿಸಿ ಓದಿ. ಬಾರ್ಲಿ ಮಾಲ್ಟ್ ಅಥವಾ ಗೋಧಿಯ ಹೆಸರಿದ್ದರೆ ಬೇರೆ ಕೊಳ್ಳಿ.