ಪ್ರೆಸ್ ಒತ್ತಿದರೆ ಮೇಜು ವಾಲುತ್ತದೆ

ಪ್ರಶ್ನೆ: ಪರವಾನಗಿ ಪಡೆದು ಖಾಲಿ ತೋಟಾಗಳನ್ನು ಮರುತುಂಬಲು ಮನೆಯಲ್ಲಿ ಮೇಜು ಹಾಕಿದ್ದೇನೆ. ತೋಟಾ ಮರುತುಂಬುವ ಯಂತ್ರವಾದ ಪ್ರೆಸ್‌ನ ಹಿಡಿ ಒತ್ತಿದಾಗಲೆಲ್ಲ ಮೇಜು ಮುಂದಕ್ಕೆ ವಾಲುತ್ತದೆ, ಸಿಡಿಮದ್ದು ತೂಗುವ ತಕ್ಕಡಿ ಸೊನ್ನೆಯಲ್ಲಿ ನಿಲ್ಲುವುದಿಲ್ಲ. ಪರಿಹಾರವೇನು?

ಉತ್ತರ: ಮೊದಲು ಮೇಜಿನ ಹಿಂಬದಿಯನ್ನು ಗೋಡೆಗೆ ಬಿಗಿಯಿರಿ, ಬರೀ ಭಾರ ಹೇರಿದರೆ ಸಾಲದು. 18 ಮಿ.ಮೀ. ಪ್ಲೈವುಡ್ ಎರಡನ್ನು ಅಂಟಿಸಿದರೆ ಹಲಗೆ ಬಾಗದು. ಪ್ರೆಸ್ಸನ್ನು ಮೇಜಿನ ಕಾಲಿನ ಹತ್ತಿರ ಕೂರಿಸಿ, ಬೋಲ್ಟನ್ನು ಹಲಗೆಯ ಆಚೆಗೆ ಹಾಯಿಸಿ, ಅಡಿಯಲ್ಲಿ ಅಗಲವಾದ ವಾಷರ್ ಕೊಡಿ. ಮರದ ಸ್ಕ್ರೂ ನೆಚ್ಚಬೇಡಿ, ಬೇಗ ಸಡಿಲವಾಗುತ್ತದೆ. ಹಿಡಿ ಪೂರ್ತಿ ಕೆಳಗಿಳಿದಾಗ ಸೊಂಟ ಬಗ್ಗುವಂತಿದ್ದರೆ ಪ್ರೆಸ್ಸಿನಡಿ ಮರದ ದಿಮ್ಮಿಯಿಟ್ಟು ಎತ್ತರಿಸಿ.

ತಕ್ಕಡಿ ಈ ಮೇಜಿನ ಮೇಲೆ ಬೇಡವೇ ಬೇಡ. ಗೋಡೆಗೆ ಬೇರೆಯೇ ಶೆಲ್ಫ್ ಹೊಡೆದು, ಕಣ್ಣಿನ ಮಟ್ಟಕ್ಕೆ ಇಡಿ. ಫ್ಯಾನ್ ಆರಿಸಿ, ಗಾಳಿಯೂ ಸೊನ್ನೆ ಕೆಡಿಸುತ್ತದೆ. ಸಿಡಿಮದ್ದಿನ ಡಬ್ಬಿ ಒಂದು ಹೊತ್ತಿಗೆ ಒಂದು ಮಾತ್ರ ಮೇಜಿನ ಮೇಲಿರಲಿ.