ದಾಖಲೆ ಮುರಿದವರೆಲ್ಲ ಮದ್ದು ತಗೊಂಡವರಾ?

ಟೂರ್ ದ ಫ್ರಾನ್ಸ್ ಸೈಕಲ್ ರೇಸಿನಲ್ಲಿ, ಮದ್ದಿನ (ಶಕ್ತಿ ಹೆಚ್ಚಿಸುವ ನಿಷೇಧಿತ ಔಷಧಿಯ) ಕಾಲದ ಸವಾರ ಪಂತಾನಿ 1998ರಲ್ಲಿ ಪ್ಲಾಟೋ ದ ಬೇಯ್ ಬೆಟ್ಟ ಏರಿದ ಸಮಯವನ್ನು ಈಗಿನ ಸವಾರ ಪೊಗಾಚಾರ್ 2024ರಲ್ಲಿ ಮೂರು ನಿಮಿಷಕ್ಕಿಂತ ಜಾಸ್ತಿ ಅಂತರದಲ್ಲಿ ಮುರಿದ, ಇದೇ ಮದ್ದಿಗೆ ಸಾಕ್ಷಿ ಅಲ್ವಾ ಅಂತ ಕೇಳಿದ್ದೀರಿ. ಅನುಮಾನ ಸಹಜ ಸರ್. 2012ರಲ್ಲಿ ಮದ್ದಿನ ಕಾರಣಕ್ಕೆ ಆರ್ಮ್‌ಸ್ಟ್ರಾಂಗ್‌ನ ಏಳು ಟೂರ್ ಗೆಲುವು ಕಿತ್ತುಕೊಂಡ ಮೇಲೆ ನಾನೂ ಯಾರನ್ನೂ ಪೂರ್ತಿ ನಂಬಿಲ್ಲ.

ಆದರೆ ಬರೀ ಗಡಿಯಾರ ಸಾಲದು. ನಮ್ಮ ಸಂಡೂರು ಘಾಟಿಯಲ್ಲಿ ಅದಿರು ಲಾರಿಯ ಮರೆಯಲ್ಲಿ ತುಳಿದ ದಿನ ನನಗೇ ಎರಡು ನಿಮಿಷ ಉಳಿದಿತ್ತು. ಬಾಯಿ ತುಂಬ ಕೆಂಪು ಧೂಳು, ಅದು ಬೇರೆ ಮಾತು. ಟೂರ್‌ನಲ್ಲೂ ತಂಡದವರ ಬೆನ್ನ ಹಿಂದೆ ತುಳಿದರೆ ಎದುರುಗಾಳಿ ತಪ್ಪುತ್ತದೆ. 1998ರಿಂದ ಸೈಕಲ್ಲು, ಟೈರು, ದಾರಿಯಲ್ಲಿ ತಿನ್ನುವುದು ಎಲ್ಲ ಬದಲಾಗಿದೆ.

ಮದ್ದು ಪತ್ತೆಗೆ 2008ರಿಂದ ರಕ್ತದ ಪಾಸ್‌ಪೋರ್ಟ್ ಇದೆ. ಸವಾರನ ಇಂದಿನ ರಕ್ತವನ್ನು ಅವನದೇ ಹಳೆಯ ಲೆಕ್ಕಕ್ಕೆ ಹೋಲಿಸುತ್ತಾರೆ. ಅದರಲ್ಲಿ ಪೊಗಾಚಾರ್ ಸಿಕ್ಕಿಬಿದ್ದರೆ ಮೊದಲು ಬೈಯುವವನು ನಾನೇ.