ಚಕ್ಕುಲಿ ಮಾರಿ ಕೈಯಲ್ಲಿ ದುಡ್ಡೇ ನಿಲ್ತಿಲ್ಲ, ಏನ್ ಮಾಡೋದು?

ಮನೆಯಲ್ಲೇ ಕುರುಕಲು ತಿಂಡಿ ಮಾಡಿ ಮಾರುವವರ ಪ್ರಶ್ನೆಗಳು ಈ ಸಲ ರಾಶಿ ಬಿದ್ದಿವೆ. ಹಬ್ಬದ ಸೀಸನ್ ಹತ್ತಿರ ಬಂತು ಅಂದ್ರೆ ಹೀಗೇ. ನಾಲ್ಕನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದ ಆಗುತ್ತೆ. ಬೇರೆ ಎಷ್ಟೋ ಜನರ ತೊಂದರೆಯೂ ಅದೇ ಆಗಿರುವುದರಿಂದ ಎಲ್ಲರೂ ಓದಿ.

ಪ್ರಶ್ನೆ: ನಾನು, ನಮ್ಮತ್ತೆ ಇಬ್ಬರೂ ಸೇರಿ ಎರಡು ವರ್ಷದಿಂದ ಬೆಣ್ಣೆ ಚಕ್ಕುಲಿ ಮಾಡಿ ಮಾರುತ್ತಿದ್ದೇವೆ. ಒಂದು ಸಲಕ್ಕೆ 5 ಕೆಜಿ ಮಾಡುತ್ತೇವೆ. ಕೆಜಿಗೆ 280 ರೂಪಾಯಿ. ಸಾಮಾನು, ಗ್ಯಾಸು, ಕವರ್ ಎಲ್ಲ ಸೇರಿ 170 ಬೀಳುತ್ತೆ. ಅಂದ್ರೆ ಕೆಜಿಗೆ 110 ಲಾಭ ಇದೆ, ಆದರೆ ತಿಂಗಳ ಕೊನೆಗೆ ನೋಡಿದರೆ ಏನೂ ಉಳಿದಿರಲ್ಲ. ಈಗ ಒಂದು ಕಾಂಡಿಮೆಂಟ್ಸ್ ಅಂಗಡಿಯವರು ನಮಗೂ ಕೊಡಿ ಅಂತಿದ್ದಾರೆ. 25 ಪರ್ಸೆಂಟ್ ಅವರಿಗೆ ಬಿಡಬೇಕಂತೆ. ಒಪ್ಪಿಕೊಳ್ಳೋದಾ? ಒತ್ತೋ ಮಿಷನ್ ತಗೊಂಡ್ರೆ ಅನುಕೂಲ ಆಗುತ್ತಾ?
(ಹಾಸನದಿಂದ ಒಬ್ಬ ಓದುಗರು)

ಉತ್ತರ: ನಿಮ್ಮ ಲೆಕ್ಕದಲ್ಲಿ ಇಬ್ಬರು ಮನುಷ್ಯರು ಕಾಣೆಯಾಗಿದ್ದಾರೆ. ನೀವು ಮತ್ತು ನಿಮ್ಮತ್ತೆ.

5 ಕೆಜಿ ಚಕ್ಕುಲಿಗೆ ಹಿಟ್ಟು ಹುರಿಯೋದರಿಂದ ಹಿಡಿದು ಪ್ಯಾಕೆಟ್ ಸೀಲ್ ಮಾಡೋವರೆಗೆ ಇಬ್ಬರಿಗೂ ತಲಾ 5 ಗಂಟೆ ಅಂತ ಇಟ್ಟುಕೊಳ್ಳೋಣ. ಒಟ್ಟು 10 ಗಂಟೆ. ಗಂಟೆಗೆ ಬರೀ 60 ರೂಪಾಯಿ ಕೂಲಿ ಹಿಡಿದರೂ 600 ಆಯ್ತು. ಸಾಮಾನಿಗೆ 850. ಎರಡೂ ಸೇರಿ 1450. ಇನ್ನು ಮುರಿದದ್ದು, ಸೀದದ್ದು, "ಒಂದು ರುಚಿ ನೋಡಿ" ಅಂತ ಕೊಟ್ಟದ್ದು ಎಲ್ಲ ಸೇರಿ ಕಾಲು ಕೆಜಿ ಹೋದರೆ ಮಾರೋಕೆ ಸಿಗುವುದು ನಾಲ್ಕೂಮುಕ್ಕಾಲು ಕೆಜಿ. ಭಾಗಿಸಿ ನೋಡಿ, ಕೆಜಿಗೆ 305 ರೂಪಾಯಿ ಬೀಳುತ್ತೆ. ನೀವು ಮಾರುತ್ತಿರುವುದು 280ಕ್ಕೆ. ಅಂದ್ರೆ ಎರಡು ವರ್ಷದಿಂದ ಪ್ರತಿ ಕೆಜಿ ಜೊತೆ 25 ರೂಪಾಯಿ ಕಟ್ಟಿ ಕಳಿಸುತ್ತಿದ್ದೀರಿ! "ಮನೆಯವರೇ ಮಾಡೋದು, ಕೂಲಿ ಎಲ್ಲಿಂದ ಬಂತು" ಅಂತ ನಿಮ್ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ನಿಮ್ಮತ್ತೆಗೆ ಮಂಡಿ ನೋವು ಬಂದು ನಾಳೆ ಇನ್ನೊಬ್ಬರನ್ನ ಕರೆದರೆ ಅವರು ಬಿಟ್ಟಿ ಮಾಡ್ತಾರಾ, ಕೇಳಿ.

ಈಗಿನ ರೇಟಿಗೆ ಅಂಗಡಿಗೆ ಕೊಡಲೇಬೇಡಿ. 280ರಲ್ಲಿ 25 ಪರ್ಸೆಂಟ್ ಅವರು ತಗೊಂಡರೆ ನಿಮಗೆ ಬರುವುದು 210. ಅಂಗಡಿಯವರದ್ದು ದುರಾಸೆ ಅಂತಲ್ಲ. ಅವರಿಗೂ ಬಾಡಿಗೆ, ಕರೆಂಟು, ಹುಡುಗರ ಸಂಬಳ ಇದೆ.

ಮೊದಲು ಮಾಡಬೇಕಾದ್ದು ಖರ್ಚು ಇಳಿಸೋ ಕೆಲಸ. ಮಿಷನ್ ವಿಚಾರಕ್ಕೆ ಬರೋ ಮುಂಚೆ ಒಂದು ದಿನ ಫೋನಿನಲ್ಲಿ ಟೈಮ್ ಹಾಕಿಕೊಂಡು ಕೂತು ನೋಡಿ. ಕಲಸೋಕೆ ಎಷ್ಟು ಹೊತ್ತು, ಒತ್ತೋಕೆ ಎಷ್ಟು, ಕರಿಯೋಕೆ ಎಷ್ಟು ಅಂತ ಬರೆದಿಡಿ. ನಾನು ನೋಡಿದ ಮುಕ್ಕಾಲು ಪಾಲು ಮನೆಗಳಲ್ಲಿ ಹೊತ್ತು ಹೋಗುವುದು ಒತ್ತೋದರಲ್ಲಿ ಅಲ್ಲ, ಬಾಣಲೆ ಮುಂದೆ. ಮನೆ ಬಾಣಲೆಯಲ್ಲಿ ಒಂದು ಸಲಕ್ಕೆ ಆರೇಳು ಚಕ್ಕುಲಿ ಹಿಡಿಯುತ್ತೆ, ಅಷ್ಟೇ. ಮಿಷನ್ ತಂದು ಸರಸರ ಒತ್ತಿದರೆ ಒತ್ತಿದ ಚಕ್ಕುಲಿ ಬಟ್ಟೆ ಮೇಲೆ ಒಣಗುತ್ತಾ ಸರದಿ ಕಾಯುತ್ತೆ, ಎಣ್ಣೆಗೆ ಹಾಕಿದಾಗ ಬಿರಿಯುತ್ತೆ. ಹಾಗಾಗಿ ಮೊದಲ ದುಡ್ಡು ಅಗಲವಾದ ಬಾಣಲೆಗೆ, ಅದಕ್ಕೆ ತಕ್ಕ ಒಲೆಗೆ.

ಅದಕ್ಕೂ ಮೊದಲು ತೂಕದ ಮಿಷನ್. ಇದನ್ನು ನಾನು ಎಲ್ಲರಿಗೂ ಹೇಳಿ ಹೇಳಿ ಬೈಸಿಕೊಂಡಿದ್ದೇನೆ. ನಾಲ್ಕು ಪಾವು ಅಕ್ಕಿಗೆ ಒಂದು ಪಾವು ಉದ್ದು, ಬೆಣ್ಣೆ ಕೈಗೆ ಹತ್ತುವಷ್ಟು, ನೀರು ಹದ ನೋಡಿಕೊಂಡು. ಅತ್ತೆಯವರ ಕೈಯಲ್ಲಿ ಇದು ಸರಿಯಾಗೇ ಬರುತ್ತೆ. ಆದರೆ ಹೊಸ ಅಕ್ಕಿ ಕುಡಿಯುವ ನೀರೇ ಬೇರೆ, ಹಳೇ ಅಕ್ಕಿಯದ್ದೇ ಬೇರೆ. ಬೆಣ್ಣೆ ಒಂದು ಉಂಡೆ ಜಾಸ್ತಿ ಬಿದ್ದರೆ ಚಕ್ಕುಲಿ ಎಣ್ಣೆಯಲ್ಲೇ ಬಿಚ್ಚಿಕೊಂಡು ಪುಡಿಯಾಗುತ್ತೆ, ಎಣ್ಣೆಯೂ ಹೀರುತ್ತೆ. ಅಲ್ಲಿ ಹೋಗುವುದು ನಿಮ್ಮದೇ ದುಡ್ಡು. ಮುಂದಿನ ಸಲ ಅತ್ತೆ ಎಂದಿನಂತೆ ಕೈಯಳತೆಯಲ್ಲೇ ಹಾಕಲಿ, ನೀವು ಪ್ರತಿಯೊಂದನ್ನೂ ಹಾಕುವ ಮುಂಚೆ ತೂಗಿ ಬರೆದುಕೊಳ್ಳಿ. ಎಷ್ಟು ಗ್ರಾಂ ಹಿಟ್ಟು, ಎಷ್ಟು ಗ್ರಾಂ ನೀರು, ಕೊನೆಗೆ ಎಷ್ಟು ಚಕ್ಕುಲಿ ಆಯ್ತು. ಮೂರು ಸಲ ಹೀಗೆ ಮಾಡಿದರೆ ಅತ್ತೆಯ ಕೈಗುಣ ಒಂದು ಹಾಳೆಗೆ ಬರುತ್ತೆ. ಆ ಹಾಳೆ ಜೋಪಾನ, ನಿಮ್ಮ ವ್ಯಾಪಾರದ ಆಸ್ತಿ ಅಂತ ಏನಾದರೂ ಇದ್ದರೆ ಅದೇ.

ದೊಡ್ಡ ಬಾಣಲೆ ಬಂದ ಮೇಲೆ ಒಂದೇ ದಿನ 10 ಕೆಜಿ ಮಾಡಿ. ಸಾಮಾನು ದುಪ್ಪಟ್ಟಾಗುತ್ತೆ, ಸಮಯ ಆಗಲ್ಲ. ಇಬ್ಬರಿಗೂ ತಲಾ 7 ಗಂಟೆ ಅಂದುಕೊಂಡರೆ ಕೂಲಿ 840. ಸಾಮಾನು 1700. ಮುರಿದದ್ದು ಅರ್ಧ ಕೆಜಿ ಕಳೆದರೆ ಕೆಜಿಗೆ 267ಕ್ಕೆ ಇಳಿಯುತ್ತೆ. ಈಗ 250 ಗ್ರಾಂ ಪ್ಯಾಕೆಟ್ಟಿಗೆ 100 ರೂಪಾಯಿ, ಅಂದ್ರೆ ಕೆಜಿಗೆ 400 ಅಂತ ಹಾಕಿ. ಅಂಗಡಿಯವರ ಪಾಲು ಹೋಗಿ ಕೆಜಿಗೆ 300 ಬರುತ್ತೆ, ನಿಮ್ಮಿಬ್ಬರ ಕೂಲಿ ಕಳೆದು 33 ರೂಪಾಯಿ ಲಾಭ. ಮನೆಗೇ ಬಂದು ತಗೊಳ್ಳುವವರಿಗೂ ಅದೇ 100 ಇರಲಿ. ಅಂಗಡಿಯಲ್ಲಿ ಒಂದು ರೇಟು, ಮನೆಯಲ್ಲಿ ಇನ್ನೊಂದು ಅಂತಾದರೆ ಅಂಗಡಿಯವರು ಎರಡನೇ ತಿಂಗಳೇ ಬೇಡ ಅಂತಾರೆ. ಹಳೇ ಗಿರಾಕಿಗಳಲ್ಲಿ ಕೆಲವರು ಮುಖ ಗಂಟು ಹಾಕ್ತಾರೆ, ಕೆಲವರು ಬಿಟ್ಟೂ ಹೋಗ್ತಾರೆ. ಹೋಗಲಿ ಬಿಡಿ. ನಷ್ಟಕ್ಕೆ ಕೊಡುತ್ತಿದ್ದ ಗಿರಾಕಿ ಅಲ್ವಾ.

ಇನ್ನೊಂದು ಮಾತು. ಅಂಗಡಿಯವರು ಕೇಳುವ 25 ಪರ್ಸೆಂಟಿಗೆ ಒಪ್ಪುವ ಮುಂಚೆ, ಕೈಗೆ ದುಡ್ಡಾ, ಮಾರಿದ ಮೇಲೆ ದುಡ್ಡಾ ಅನ್ನೋದನ್ನ ಮೊದಲೇ ಕೇಳಿ. ಮಾರದೆ ಉಳಿದದ್ದನ್ನು ವಾಪಸ್ ಕೊಡ್ತಾರಾ ಅಂತಲೂ ಕೇಳಿ.

ಪ್ರಶ್ನೆ: ನಮ್ಮ ಮನೆಯವರು ಮಾಡುವ ಕೋಡುಬಳೆ, ಶಂಕರಪೋಳಿ 20 ದಿನಕ್ಕೇ ಕಮಟು ವಾಸನೆ ಬರುತ್ತೆ. ಅಂಗಡಿಯಲ್ಲಿ ಸಿಗುವುದು ಎರಡು ಮೂರು ತಿಂಗಳು ಇರುತ್ತಲ್ಲ, ಅದಕ್ಕೆ ಏನು ಹಾಕ್ತಾರೆ? ಕರಿದು ಮಿಕ್ಕ ಎಣ್ಣೆಗೆ ಹೊಸದು ಸೇರಿಸಿ ಮತ್ತೆ ಕರಿಯುತ್ತೇವೆ. ಎಲ್ಲರ ಮನೆಯಲ್ಲೂ ಹಾಗೇ ತಾನೇ?
(ತುಮಕೂರಿನ ಓದುಗರು)

ಉತ್ತರ: ಪ್ರಶ್ನೆಯ ಕೊನೆಯ ಸಾಲಿನಲ್ಲೇ ಉತ್ತರ ಇದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅದು. ಕೆಟ್ಟ ಎಣ್ಣೆ ಒಂದು ಲೋಟ ಸೇರಿದರೂ ಹೊಸ ಎಣ್ಣೆಯನ್ನು ಬೇಗ ಕೆಡಿಸುತ್ತೆ. ನೊರೆ ಎದ್ದು ಇಳಿಯದಿದ್ದರೆ, ಬಣ್ಣ ಕಪ್ಪಾಗಿದ್ದರೆ, ಬೆರಳಿಗೆ ಜಿಗುಟು ಹತ್ತಿದರೆ ಆ ಎಣ್ಣೆಯ ಕಥೆ ಮುಗೀತು. ಮಾರುವವರಿಗೆ ಇದು ಕಾನೂನಿನ ವಿಷಯವೂ ಹೌದು. 2018ರ ಜುಲೈ 1ರಿಂದ ಕರಿಯುವ ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ಸ್ (ಎಣ್ಣೆ ಮತ್ತೆ ಮತ್ತೆ ಕಾದಾಗ ಹುಟ್ಟುವ ಕೆಟ್ಟ ಅಂಶಗಳು) 25 ಪರ್ಸೆಂಟ್ ದಾಟಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ ಇದೆ. ಮನೆಗೆ ಒಗ್ಗರಣೆಗೆ ಬಳಸುವುದು ನಿಮ್ಮಿಷ್ಟ, ಮಾರುವ ತಿಂಡಿಗೆ ಬೇಡ.

ಎರಡನೆಯದು ನೀರಿನ ಪಸೆ. ಕೋಡುಬಳೆ ಎಣ್ಣೆಗೆ ಬಿದ್ದ ಕೂಡಲೇ ಸೊಯ್ ಅಂತ ಗುಳ್ಳೆ ಏಳುತ್ತಲ್ಲ, ಅದು ಒಳಗಿನ ನೀರು ಹೊರಗೆ ಬರುವ ಸದ್ದು. ಬಣ್ಣ ಬಂತು ಅಂತ ತೆಗೆಯಬೇಡಿ. ಸದ್ದು ಅಡಗಿ ಗುಳ್ಳೆ ಅಲ್ಲೊಂದು ಇಲ್ಲೊಂದು ಆಗುವವರೆಗೆ ಕಾಯಿರಿ. ಉರಿ ಜೋರಾಗಿದ್ದರೆ ಸದ್ದು ನಿಲ್ಲುವ ಮುಂಚೆಯೇ ಬಣ್ಣ ಬಂದುಬಿಡುತ್ತೆ, ಒಳಗೆ ಹಸಿ ಉಳಿಯುತ್ತೆ. ಮೂರು ದಿನಕ್ಕೆ ಮೆತ್ತಗಾಗುವ ಕೋಡುಬಳೆಯ ರಹಸ್ಯ ಇಷ್ಟೇ.

ಆಮೇಲೆ ಪೂರ್ತಿ ಆರಬೇಕು. ನಾನೇ ಒಂದು ಗೌರಿ ಹಬ್ಬದ ಹಿಂದಿನ ವಾರ, ಗಾಡಿ ಬಂದು ನಿಂತಿದೆ ಅನ್ನೋ ಅವಸರಕ್ಕೆ 40 ಕೆಜಿ ನಿಪ್ಪಟ್ಟು ಬೆಚ್ಚಗಿರುವಾಗಲೇ ಪ್ಯಾಕ್ ಮಾಡಿಸಿದ್ದೆ. ಮುಟ್ಟಿದರೆ ಕೈಗೆ ಬಿಸಿ ಗೊತ್ತಾಗುತ್ತಿರಲಿಲ್ಲ, ಆದರೆ ಡಬರಿಯ ತಳದಲ್ಲಿ ಶಾಖ ಇತ್ತು. ಐದನೇ ದಿನ ಅಂಗಡಿಯಿಂದ ಫೋನು. ಹೋಗಿ ನೋಡಿದರೆ ಕವರಿನ ಒಳಗೆ ಬೆವರಿಳಿದ ಹಾಗೆ ಹನಿ. ನಿಪ್ಪಟ್ಟು ಮುರಿಯೋಕೆ ಹೋದರೆ ಬಾಗುತ್ತಿತ್ತು! ಅಷ್ಟನ್ನೂ ವಾಪಸ್ ತಂದೆ. ಅವತ್ತಿನಿಂದ ತಟ್ಟೆಗಳಲ್ಲಿ ಒಂದೇ ಪದರ ಹರಡಿ, ಫ್ಯಾನ್ ಕೆಳಗಿಟ್ಟು, ಸಂಜೆ ಕರಿದದ್ದನ್ನು ರಾತ್ರಿ ಮಲಗುವ ಮುಂಚೆ ಪ್ಯಾಕ್ ಮಾಡುವುದು ರೂಢಿ. ಬೆಳಗಿನವರೆಗೆ ತೆರೆದಿಟ್ಟರೆ ಮಳೆಗಾಲದ ಗಾಳಿ ಮತ್ತೆ ಮೆತ್ತಗೆ ಮಾಡುತ್ತೆ.

ಅಂಗಡಿಯ ತಿಂಡಿ ಜಾಸ್ತಿ ದಿನ ಇರೋದಕ್ಕೆ ಮುಖ್ಯ ಕಾರಣ ಕವರು. ತೆಳು ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ, ಬೆಳಕು ಎರಡೂ ಆಡುತ್ತವೆ. ಒಳಗೆ ಬೆಳ್ಳಿ ಬಣ್ಣ ಇರುವ ದಪ್ಪ ಲ್ಯಾಮಿನೇಟೆಡ್ ಕವರ್ ಎರಡನ್ನೂ ತಡೆಯುತ್ತೆ. ದೊಡ್ಡವರು ಒಳಗಿನ ಗಾಳಿ ತೆಗೆದು ನೈಟ್ರೋಜನ್ ತುಂಬಿಸುತ್ತಾರೆ. ನಿಮಗೆ ಸದ್ಯಕ್ಕೆ ಒಳ್ಳೇ ಕವರು, ಗಟ್ಟಿ ಸೀಲು ಸಾಕು. ಹತ್ತು ಪ್ಯಾಕೆಟ್ ಪಕ್ಕಕ್ಕಿಟ್ಟು ವಾರಕ್ಕೊಂದು ಒಡೆದು ಮೂಸಿ, ತಿಂದು, ಬರೆದಿಡಿ. ಆರನೇ ವಾರ ಕಮಟು ಬಂದರೆ ಪ್ಯಾಕೆಟ್ ಮೇಲೆ 30 ದಿನ ಅಂತ ಹಾಕಿ. ಅಂಗಡಿಗಳಿಗೆ ಕೊಡೋ ಹಂತಕ್ಕೆ ಬಂದಾಗ ಒಂದು ಸಲ ಎನ್‌ಎಬಿಎಲ್ (ಲ್ಯಾಬುಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿನಲ್ಲೂ ಈ ಪರೀಕ್ಷೆ ಮಾಡಿಸಿ.

1959ರಲ್ಲಿ ಮುಂಬೈಯ ಗಿರ್‌ಗಾಂವ್‌ನಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲ ಮಾಡಿ ಲಿಜ್ಜತ್ ಹಪ್ಪಳ ಶುರು ಮಾಡಿದ ಕಥೆಯನ್ನು ಎಲ್ಲ ತರಬೇತಿಯಲ್ಲೂ ಹೇಳುತ್ತಾರೆ. ಹಪ್ಪಳ ಕರಿಯೋ ಎಣ್ಣೆ ಗಿರಾಕಿಯ ಮನೆಯದು ಅನ್ನೋದನ್ನ ಮಾತ್ರ ಯಾರೂ ಹೇಳಲ್ಲ. ಕಮಟಿನ ತಲೆನೋವು ಬೇಡ ಅನ್ನುವವರು ಹಪ್ಪಳ, ಸಂಡಿಗೆ, ಸಾರಿನ ಪುಡಿ ಕಡೆಗೂ ಒಮ್ಮೆ ನೋಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಬಾಡಿಗೆ ಮನೆ. ಎಫ್‌ಎಸ್‌ಎಸ್‌ಎಐ ಮಾಡಿಸಿಕೊಡಲು ಏಜೆಂಟ್ 6,000 ಕೇಳ್ತಿದ್ದಾರೆ. ಜಿಎಸ್‌ಟಿನೂ ಬೇಕೇ ಬೇಕಂತೆ. ನಿಜವಾ? ಸಬ್ಸಿಡಿ ಏನಾದ್ರೂ ಇದೆಯಾ?

ಉತ್ತರ: ಏಜೆಂಟಿಗೆ ಕೈ ಮುಗಿದು ಕಳಿಸಿ. ಸಣ್ಣ ಪ್ರಮಾಣದವರಿಗೆ ಲೈಸೆನ್ಸ್ ಬೇಡ, ನೋಂದಣಿ ಸಾಕು. 2011ರ ನಿಯಮದಲ್ಲಿ ಅದಕ್ಕೆ ಇಟ್ಟಿರುವ ಶುಲ್ಕ ವರ್ಷಕ್ಕೆ 100 ರೂಪಾಯಿ. ಫಾಸ್ಕೋಸ್ ಅನ್ನೋ ಸರ್ಕಾರಿ ವೆಬ್‌ಸೈಟಿನಲ್ಲಿ ಫೋಟೋ, ಗುರುತಿನ ಚೀಟಿ, ವಿಳಾಸದ ದಾಖಲೆ ಹಾಕಿ ನೀವೇ ಮಾಡಬಹುದು. ಬಾಡಿಗೆ ಕರಾರು ಪತ್ರ ಕೈಯಲ್ಲಿರಲಿ, ಮನೆ ಮಾಲೀಕರಿಗೂ ಒಂದು ಮಾತು ಹೇಳಿ. ಸಿಗುವ 14 ಅಂಕಿಯ ನಂಬರನ್ನು ಪ್ಯಾಕೆಟ್ ಮೇಲೆ ಹಾಕಬೇಕು. ಜೊತೆಗೆ ತಿಂಡಿಯ ಹೆಸರು, ಏನೇನು ಹಾಕಿದೆ ಅನ್ನೋದು ಜಾಸ್ತಿ ಇರುವುದರಿಂದ ಕಮ್ಮಿ ಇರುವುದಕ್ಕೆ ಸಾಲಾಗಿ, ಹಸಿರು ಚುಕ್ಕಿ, ತೂಕ, ಎಂಆರ್‌ಪಿ, ಮಾಡಿದ ದಿನ, ಯಾವತ್ತಿನವರೆಗೆ ತಿನ್ನಬಹುದು, ಬ್ಯಾಚ್ ನಂಬರ್, ನಿಮ್ಮ ವಿಳಾಸ, ದೂರಿಗೆ ಫೋನ್ ನಂಬರ್. ಕಡಲೆಬೀಜ, ಹಾಲು, ಗೋಧಿ ಇದ್ದರೆ ಅಲರ್ಜಿ ಇರುವವರಿಗಾಗಿ ಬೇರೆಯಾಗಿ ಬರೆಯಬೇಕು. ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಅದಕ್ಕೂ ಯಾರಿಗೂ ದುಡ್ಡು ಕೊಡಬೇಡಿ.

ಜಿಎಸ್‌ಟಿ, ಸರಕು ಮಾತ್ರ ಮಾರುವವರಿಗೆ ಕರ್ನಾಟಕದಲ್ಲಿ ವರ್ಷದ ವಹಿವಾಟು 40 ಲಕ್ಷ ದಾಟಿದ ಮೇಲೆ. ಹೊರ ರಾಜ್ಯಕ್ಕೆ ಆನ್‌ಲೈನ್ ವೇದಿಕೆಗಳಲ್ಲಿ ಮಾರುವುದಾದರೆ ಮುಂಚೆಯೇ ಬೇಕಾಗುತ್ತೆ. ಪ್ಯಾಕ್ ಮಾಡಿದ ಖಾರದ ತಿಂಡಿಗೆ ಇದ್ದ 12 ಪರ್ಸೆಂಟ್ 2025ರ ಸೆಪ್ಟೆಂಬರ್ 22ರಿಂದ 5ಕ್ಕೆ ಇಳಿದಿದೆ. ಈಗಲೇ ನೋಂದಣಿ ಬೇಡ, ಆದರೆ ಲೆಕ್ಕ ಈಗಿನಿಂದಲೇ ಬೇಕು. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಬೇಕರಿ, ಕಾಂಡಿಮೆಂಟ್ಸ್, ತರಕಾರಿಯವರಿಗೆಲ್ಲ ವಾಣಿಜ್ಯ ತೆರಿಗೆ ನೋಟಿಸ್ ಬಂದದ್ದು ನೆನಪಿದೆಯಲ್ಲ? ಚೀಟಿ ದುಡ್ಡು, ತಮ್ಮ ಕಳಿಸಿದ ದುಡ್ಡು, ಚಕ್ಕುಲಿ ದುಡ್ಡು ಎಲ್ಲ ಒಂದೇ ಖಾತೆಗೆ ಬಂದರೆ ಆಮೇಲೆ ಬಿಡಿಸಿ ಹೇಳೋದು ಕಷ್ಟ. ವ್ಯಾಪಾರಕ್ಕೆ ಬೇರೆ ಖಾತೆ, ಬೇರೆ ಕ್ಯೂಆರ್ ಇಟ್ಟುಕೊಳ್ಳಿ. ಹಾಂ, ಮನೆ ಸಿಲಿಂಡರಿನಲ್ಲಿ ವ್ಯಾಪಾರದ ಅಡುಗೆ ಮಾಡುವಂತಿಲ್ಲ. ಕಮರ್ಷಿಯಲ್ ಸಿಲಿಂಡರ್ ಖರ್ಚನ್ನೇ ಲೆಕ್ಕಕ್ಕೆ ಹಿಡಿಯಿರಿ.

ಸಬ್ಸಿಡಿ ಅಂದರೆ ಪಿಎಂಎಫ್‌ಎಂಇ, ಕಿರು ಆಹಾರ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ಶುರು ಮಾಡಿದ ಯೋಜನೆ. ಕೇಂದ್ರದ 35 ಪರ್ಸೆಂಟ್ ಜೊತೆ ನಮ್ಮ ರಾಜ್ಯ 15 ಸೇರಿಸಿ 50 ಪರ್ಸೆಂಟ್, ಹೆಚ್ಚೆಂದರೆ 15 ಲಕ್ಷ ಕೊಡುವ ಹಾಗೆ ಮಾಡಿದ್ದು. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕೆಪೆಕ್, ಅಂದ್ರೆ ಕೃಷಿ ಉತ್ಪನ್ನಗಳ ಸಂಸ್ಕರಣೆ, ರಫ್ತಿನ ರಾಜ್ಯ ನಿಗಮ. ಅರ್ಜಿ ತಗೊಳ್ತಿದ್ದಾರಾ ಅಂತ ಕೃಷಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ, ಅರ್ಜಿಗೆ ನೆರವಾಗುವ ಜಿಲ್ಲಾ ಸಂಪನ್ಮೂಲ ವ್ಯಕ್ತಿ ಯಾರು ಅಂತ ಕೇಳಿದರೆ ತೋರಿಸ್ತಾರೆ. ಆದರೆ ಇದು ಬ್ಯಾಂಕ್ ಸಾಲಕ್ಕೆ ಸೇರಿಕೊಂಡ ಸಬ್ಸಿಡಿ, ಸಾಲದ ಕಂತು ನೀವೇ ಕಟ್ಟಬೇಕು. ಸಬ್ಸಿಡಿ ಸಿಗುತ್ತೆ ಅಂತ ಮಿಷನ್ ತಂದು ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ತಿಂಗಳಿಗೆ 100 ಕೆಜಿ ಕೈಯಲ್ಲೇ ಮಾಡಿ ಮಾರಿ ತೋರಿಸಿ, ಆಮೇಲೆ ಬ್ಯಾಂಕಿಗೆ ಹೋಗಿ.

ಪ್ರಶ್ನೆ: ನನಗೆ ಕರಿದ ತಿಂಡಿ ಬರಲ್ಲ. ಹೋಳಿಗೆ ಚೆನ್ನಾಗಿ ಮಾಡ್ತೀನಿ. ಅದನ್ನೇ ಮಾರಬಹುದಾ?

ಉತ್ತರ: ಧಾರಾಳವಾಗಿ. ಆದರೆ ಹೂರಣದಲ್ಲಿ ಪಸೆ ಇರೋದರಿಂದ ಅಂಗಡಿಯಲ್ಲಿಟ್ಟು ಮಾರುವ ಯೋಚನೆ ಬಿಡಿ. ಬೆಂಗಳೂರಿನ ಹೋಳಿಗೆ ಮನೆಗಳಲ್ಲಿ ಕಣ್ಣೆದುರೇ ಕಾವಲಿ ಮೇಲೆ ಬೇಯಿಸಿ ಕೊಡೋದು ಸುಮ್ನೆ ಅಲ್ಲ. ಮನೆಯಿಂದ ಮಾಡುವವರು ಆರ್ಡರ್ ಮೇಲೆ ಮಾತ್ರ ಮಾಡಿ, ಅರ್ಧ ದುಡ್ಡು ಮುಂಗಡ ತಗೊಳ್ಳಿ, ಕೆಜಿ ಲೆಕ್ಕ ಬೇಡ, ಒಂದಕ್ಕೆ ಇಷ್ಟು ಅಂತ ಹೇಳಿ, ಹೂರಣದ ಉಂಡೆ ಪ್ರತಿಯೊಂದೂ ತೂಕದಲ್ಲಿ ಒಂದೇ ಇರಲಿ. ಯುಗಾದಿ ಹಿಂದಿನ ದಿನ ಸಂಜೆ ಆರಕ್ಕೆ ಆರ್ಡರ್ ನಿಲ್ಲಿಸಿ. ಆರೂವರೆಗೆ ಫೋನ್ ಮಾಡಿ "ಒಂದು ಇಪ್ಪತ್ತು ಜಾಸ್ತಿ ಮಾಡಮ್ಮ" ಅನ್ನೋ ದೊಡ್ಡಪ್ಪನಿಗೂ ಆಗಲ್ಲ ಅನ್ನಿ.